ಕಿವಿ ಹತ್ತಿದ ತಾಕು

ನನ್ನ ಹೆಂಡತಿ ಪಂಪಾವತಿ ದಿನಾ ಬೆಳಿಗ್ಗೆ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು, ಎಂಟು ಗುಂಟೆ ಮಣ್ಣಿನ ಹತ್ತಿರ ಮಾತಾಡಲು ಹೋಗುತ್ತಿದ್ದಳು. ತಲೆ ಬಾಚಿಕೊಳ್ಳುವುದನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ನನ್ನ ಜೊತೆ ಮಾತಾಡುವುದಕ್ಕಾಗಿ ಅವಳು ಯಾವತ್ತೂ ತಲೆ ಬಾಚಿಕೊಂಡವಳಲ್ಲ.

ಮಣ್ಣಿನ ಹತ್ತಿರ ಮಾತಾಡುವುದು ನಮ್ಮೂರಲ್ಲಿ ವಿಶೇಷವೇನಲ್ಲ. ಗಣಿ ಮುಚ್ಚಿದ ಮೇಲೆ ಊರಿನ ನೆತ್ತಿಯ ಮೇಲೆ ಒಂದು ಕೆಂಪು ಗುಡ್ಡ ಉಳಿಯಿತು. ದೇವರು ಮಾಡಿದ ಗುಡ್ಡವಲ್ಲ. ಅದಿರು ಆರಿಸಿಕೊಂಡು ಬೇಡದ್ದನ್ನೆಲ್ಲ ಸುರಿದು ಸುರಿದು ಲಾರಿಗಳು ಮಾಡಿದ್ದು. ಪ್ರತಿ ಮಳೆಗೂ ಅದು ಒಂದಷ್ಟು ಕೆಳಗಿಳಿದು ಜನರ ಹಿತ್ತಿಲಿಗೆ ಬರುತ್ತಿತ್ತು. ಕೊನೆಗೆ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ತೆಂಗಿನ ನಾರಿನ ಬಲೆ ಹಾಸಿ, ಮೇಲೆ ಒಳ್ಳೆ ಮಣ್ಣು ಹರಡಿ, ಮನೆಗೊಂದು ತಾಕು ಹಂಚಿದರು. ಹುಲ್ಲು ಹಿಡಿಸುವುದು, ಹಿಡಿದದ್ದನ್ನು ಉಳಿಸಿಕೊಳ್ಳುವುದು ಆಯಾ ಮನೆಯವರ ಪಾಲಿನ ಕೆಲಸ. ಬೀಜ, ಗೊಬ್ಬರ, ನೀರು ಎಲ್ಲರಿಗೂ ಒಂದೇ. ಆದರೆ ಆ ಮಣ್ಣಿಗೆ ಮಾತು ಬೇಕು. ಮಾತಿಲ್ಲದ ತಾಕಿನಲ್ಲಿ ಏನೂ ಹುಟ್ಟುವುದಿಲ್ಲ. ಅದೂ ಎಂಥ ಮಾತು? ಮತ್ತೊಬ್ಬರಿಗೆ ಹೇಳಿರದ ಮಾತು, ಮತ್ತೊಬ್ಬರ ಕಿವಿಗೆ ಬೀಳದ ಮಾತು. ಅದಕ್ಕಾಗಿ ಗಣಿಯ ಹಳೇ ಸೈರನ್ನನ್ನೇ ಉಳಿಸಿಕೊಂಡಿದ್ದೇವೆ. ಮೊದಲು ಅದು ಕೂಗಿದರೆ ಜನ ಗುಂಡಿಗೆ ಇಳಿಯುತ್ತಿದ್ದರು, ಈಗ ಗುಡ್ಡ ಹತ್ತುತ್ತಾರೆ. ಅಕ್ಕಪಕ್ಕದವರು ಬೇರೆ ಬೇರೆ ಪಾಳಿ. ಮಾತಾಡುವವರ ಸುತ್ತ ನಲವತ್ತು ಹೆಜ್ಜೆಗೆ ಕೆಂಪು ಹಗ್ಗ. ಪಾಳಿ ಮುಗಿಯುವ ತನಕ ಹಗ್ಗದೊಳಗೆ ಇನ್ನೊಬ್ಬರ ಕಾಲು ಬೀಳುವಂತಿಲ್ಲ.

ನಾನು ಆ ಗುಡ್ಡದ ಮೇಲ್ವಿಚಾರಕ. ಎಲ್ಲಿ ಕೊರಕಲು ಬಿದ್ದಿದೆ, ತೂಬಿನಲ್ಲಿ ಎಷ್ಟು ಹೂಳು ತುಂಬಿದೆ, ಯಾರ ತಾಕಿನ ಹುಲ್ಲು ಎಷ್ಟು ಬೆರಳು ಎದ್ದಿದೆ, ಇವನ್ನು ಅಳೆದು ಬರೆಯುವುದು, ವರ್ಷಕ್ಕೊಮ್ಮೆ ಯಾರ ತಾಕು ಎಷ್ಟನೇದು ಎಂದು ಎಲ್ಲರ ಮುಂದೆ ಓದುವುದು ನನ್ನ ಕೆಲಸ. ಪಾಳಿ, ಹಗ್ಗದ ನಿಯಮ ಬರೆದವನೂ ನಾನೇ. ಜನ ನನ್ನನ್ನು ಕೊರಕಲು ಸಾಹೇಬ್ರು ಅನ್ನುತ್ತಾರೆ. ಸಾಹೇಬ್ರು ಎಂಬುದನ್ನು ನನ್ನ ಎದುರಿಗೆ ಮಾತ್ರ ಸೇರಿಸುತ್ತಾರೆ.

ಮೊದಲ ವರ್ಷ ನಮ್ಮ ತಾಕಿಗೆ ಮಾತಾಡಲು ಹೋದವನು ನಾನೇ. ಮನೆಯಲ್ಲಿ ಓದಿದವನು ನಾನು, ಎರಡು ಬೀರು ತುಂಬ ಪುಸ್ತಕ ಇಟ್ಟವನು ನಾನು, ಮಾತಿಗೇನು ಬರ ಎಂಬ ಧೈರ್ಯ. ಮೂರು ತಿಂಗಳು ಆ ಮಣ್ಣಿಗೆ ಹಳಗನ್ನಡದ ಕಂದಪದ್ಯದಿಂದ ಹಿಡಿದು ಮೊನ್ನೆ ಮೊನ್ನೆಯ ವಿಮರ್ಶೆಯ ತನಕ ಒಪ್ಪಿಸಿದೆ. ಬಾಯಿಪಾಠ ಬರುತ್ತಿದ್ದದ್ದು ಮುಗಿದ ಮೇಲೆ ಪುಸ್ತಕ ಹಿಡಿದುಕೊಂಡೇ ಹೋದೆ. ಒಂದು ಎಸಳು ಹುಟ್ಟಲಿಲ್ಲ. ಪಕ್ಕದ ತಾಕು ಮಾರೆಪ್ಪನದು. ಇಪ್ಪತ್ತೆಂಟು ವರ್ಷ ಗಣಿಯಲ್ಲಿ ಡಂಪರ್ ಓಡಿಸಿದವನು. ಓದಿದ್ದು ರುಜು ಹಾಕುವಷ್ಟು. ಅವನ ತಾಕಿನಲ್ಲಿ ಹುರುಳಿ ಬಳ್ಳಿ ಮೊಣಕಾಲಿಗೆ ಬಂದಿತ್ತು.

ಒಂದು ದಿನ ನಾನು ಪುಸ್ತಕ ಬಗಲಲ್ಲಿಟ್ಟುಕೊಂಡು ಹಗ್ಗ ದಾಟಿ ಬರುವಾಗ ಅವನು ಎದುರಾದ. "ಏನ್ ಸಾಹೇಬ್ರೇ, ಮಣ್ಣನ್ನ ಪರೀಕ್ಷೆಗೆ ಕೂಡಿಸ್ತೀರೇನು? ಅದಕ್ಕೆ ಪುಸ್ತಕ ಓದೋಕೆ ಬರಂಗಿಲ್ರೀ. ನಿಮ್ದೇ ಏನಾರ ಇದ್ರೆ ಹೇಳ್ರಿ."

ನನ್ನದೇ ಏನಾದರೂ. ಹುಡುಕಿ ನೋಡಿದೆ. ಹೆಚ್ಚೆಂದರೆ ಎರಡು ದಿನಕ್ಕಾಗುವಷ್ಟು ಇತ್ತು. ಅದರಲ್ಲೂ ಒಂದು ದಿನದ್ದು ಹೊಟ್ಟೆಯ ತೊಂದರೆ.

"ಬಿಡ್ರೀ, ನಾನೊಂದು ಸಲ ಹೋಗಿ ನೋಡ್ತೀನಿ" ಎಂದಳು ಪಂಪಾವತಿ. ಹಿತ್ತಿಲಿಗೆ ಹೋಗಿ ಬಟ್ಟೆ ತೆಗೆದುಕೊಂಡು ಬರ್ತೀನಿ ಅನ್ನುವ ಧಾಟಿಯಲ್ಲಿ. ಇಪ್ಪತ್ತೊಂದನೇ ದಿನಕ್ಕೆ ನಮ್ಮ ತಾಕಿನ ಮೇಲೆ ಹಸಿರು ನೆರಳಿನಂಥದ್ದು ಬಿತ್ತು. ಬಗ್ಗಿ ನೋಡಿದರೆ ಗರಿಕೆ. ಆರು ತಿಂಗಳಿಗೆ ಕರಡದ ಹುಲ್ಲು ಮಂಡಿ ಮುಟ್ಟಿತು, ಅಂಚಿನಲ್ಲಿ ತಂಗಡಿ ಹೂ ಬಿಟ್ಟಿತು, ಒಂದು ಜೋಡಿ ಗೌಜಲಹಕ್ಕಿ ಬಂದು ಸಂಸಾರ ಹೂಡಿತು. ಊರವರು ಮಕ್ಕಳನ್ನು ಕರೆತಂದು ತೋರಿಸತೊಡಗಿದರು.

ನನಗೆ ಸಂತೋಷವಾಗಬೇಕಿತ್ತು. ಮೇಲ್ವಿಚಾರಕನಾಗಿ ಆಯಿತು ಕೂಡ. ಗಂಡನಾಗಿ ನೋಡಿದರೆ ಲೆಕ್ಕ ಬೇರೆ ಇತ್ತು. ಅಷ್ಟು ಹುಲ್ಲಿಗೆ ಎಷ್ಟು ಮಾತು ಬೇಕು ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಊರಲ್ಲಿರಲಿಲ್ಲ. ಅಷ್ಟೊಂದು ಮಾತು ಹದಿನೆಂಟು ವರ್ಷದಿಂದ ನಮ್ಮ ಮನೆಯಲ್ಲೇ ಇತ್ತು, ನನ್ನ ಪಕ್ಕದಲ್ಲೇ ಮಲಗಿ ಏಳುತ್ತಿತ್ತು, ಮತ್ತು ನನಗೆ ಸಿಗುತ್ತಿದ್ದದ್ದು "ಊಟಕ್ಕೆ ಬನ್ನಿ", "ಉಪ್ಪು ಸಾಕಾ", "ಹೂಂ", "ಏನಿಲ್ಲ".

ಈ "ಏನಿಲ್ಲ" ನಮ್ಮೂರ ಮನೆಮನೆಯ ಮಾತಾಗಿತ್ತು ಅನ್ನಿ. ಒಬ್ಬರಿಗೆ ಹೇಳಿಬಿಟ್ಟ ಮಾತು ಮಣ್ಣಿಗೆ ಉಪಯೋಗವಿಲ್ಲ. ಹಾಗಾಗಿ ಜನ ಮಾತನ್ನು ಮೊಟ್ಟೆಯ ಹಾಗೆ ಕಾಪಾಡಿಕೊಂಡು ಗುಡ್ಡಕ್ಕೆ ಒಯ್ಯುತ್ತಿದ್ದರು. ಚಹದಂಗಡಿಯವನು ಕೂತು ಮಾತಾಡುವವರಿಲ್ಲವೆಂದು ಬೆಂಚು ಎತ್ತಿಟ್ಟ. ಕ್ಷೌರದಂಗಡಿಯಲ್ಲಿ ಕತ್ತರಿಯ ಸದ್ದೊಂದೇ. ಸಂಬಂಧ ಕುದುರಿಸುವವರು "ಹುಡುಗಿ ಮನೇಲಿ ತುಟಿ ಬಿಚ್ಚಲ್ಲ, ತಾಕಿನಲ್ಲಿ ಮಾತು ನಿಲ್ಲಿಸಲ್ಲ" ಎಂದು ಹೊಗಳುತ್ತಿದ್ದರು. ಎಲ್ಲರೂ ಇದಕ್ಕೆ ಹೊಂದಿಕೊಂಡಿದ್ದರು. ನಾನೂ ಹೊಂದಿಕೊಂಡಿದ್ದೇನೆ ಅಂದುಕೊಂಡಿದ್ದೆ. ಒಂದು ಸಂಜೆ ಪಂಪಾವತಿ ಪೇಟೆಯಿಂದ ಬಂದವಳು ಬಾಗಿಲಲ್ಲಿ ನಿಂತು ತನ್ನಷ್ಟಕ್ಕೇ ಕಿಸಕ್ಕನೆ ನಕ್ಕಳು.

"ಏನಾಯ್ತೇ?" ಎಂದೆ.

"ಏನಿಲ್ಲ."

"ನಕ್ಕೆಯಲ್ಲ."

"ಅಯ್ಯೋ, ಈಗ್ಲೇ ಹೇಳಿಬಿಟ್ರೆ ನಾಳೆಗೆ ಏನು ಉಳಿಯುತ್ರೀ?" ಎನ್ನುತ್ತ ಆ ನಗುವನ್ನು ಸೆರಗಿಗೆ ಕಟ್ಟಿಕೊಂಡವಳಂತೆ ಒಳಗೆ ಹೋದಳು.

ಅವತ್ತಿನಿಂದ ನನಗೆ ನಿದ್ದೆ ಸರಿಯಾಗಲಿಲ್ಲ. ಬೇರೆ ಗಂಡಸಾಗಿದ್ದರೆ ಒಂದು ದಾರಿಯಿತ್ತು: ಅವನ ಮೂಗು ಸೊಟ್ಟ, ನಡತೆ ಸೊಟ್ಟ ಎಂದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಇದು ಲಾರಿಯಲ್ಲಿ ಬಂದು ಬಿದ್ದ ಕಸಮಣ್ಣು. ಅದಕ್ಕೆ ಮೂಗೂ ಇಲ್ಲ. ಹೊತ್ತು ಕಳೆದಂತೆ ಒಂದೇ ಯೋಚನೆ ಗಟ್ಟಿಯಾಯಿತು. ಅವಳು ಅಲ್ಲಿ ನನ್ನ ಬಗ್ಗೆಯೇ ಹೇಳುತ್ತಿದ್ದಾಳೆ. ದೂರುತ್ತಿದ್ದಾಳೆ, ಅಣಕಿಸುತ್ತಿದ್ದಾಳೆ, ಪುಸ್ತಕ ಹಿಡಿದು ಹೋಗುತ್ತಿದ್ದ ಕಥೆ ಹೇಳಿ ನಗುತ್ತಿದ್ದಾಳೆ. ಅದಕ್ಕೇ ಹುಲ್ಲು ಅಷ್ಟು ಸೊಂಪು.

ನಮ್ಮ ತಾಕಿನ ಅಡಿಯಲ್ಲಿ ಮಳೆನೀರು ಇಳಿಯಲು ಒಂದು ಕಲ್ಲಿನ ತೂಬು ಇದೆ. ಕಟ್ಟಿಸಿದವನು ನಾನೇ. ಅದರ ಮೇಲ್ಬಾಯಿ ಪಂಪಾವತಿ ಕೂರುವ ಬಂಡೆಯ ಪಕ್ಕಕ್ಕೆ, ಕೆಳಬಾಯಿ ಗುಡ್ಡದ ಬುಡದಲ್ಲಿ ಹುಸೇನ್‌ಬಿಯ ಹಿತ್ತಿಲಿಗೆ. ಹೂಳು ನೋಡುವುದಕ್ಕೆ ನಾನು ತೂಬಿಗೆ ಇಳಿದರೆ ಕೇಳುವವರಿಲ್ಲ. ವೈಶಾಖದ ಒಂದು ಬೆಳಿಗ್ಗೆ ಸೈರನ್ನು ಕೂಗುವುದಕ್ಕೆ ಮುಂಚೆ ಅಳತೆಗೋಲು ಹಿಡಿದು, ಕೆಳಬಾಯಿಯಿಂದ ಮಂಡಿಯೂರಿ ತೆವಳಿ ಒಳಗೆ ಸೇರಿಕೊಂಡೆ. ಹಗ್ಗದೊಳಗೆ ನನ್ನ ಕಾಲು ಬಿದ್ದಿಲ್ಲ, ಹಗ್ಗದ ಕೆಳಗೆ ಬಿದ್ದಿದೆ ಎಂದು ಮನಸ್ಸಿಗೆ ಹೇಳಿಕೊಂಡೆ. ನಿಯಮ ಬರೆದವನಿಗೆ ಇಂಥ ಸಂದುಗಳು ಬೇಗ ಕಾಣುತ್ತವೆ.

ಮೇಲೆ ಅವಳು ಬಂದು ಕೂತಳು. "ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ? ಹಾಂ, ಮಜ್ಜಿಗೆ ಮೆಣಸಿನಕಾಯಿ" ಎಂದಳು. ಆ ದನಿ ನಾನು ಕೇಳಿದ್ದೇ ಅಲ್ಲ. ಬಿಸಿಲಿಗಿಟ್ಟ ಮೆಣಸಿನಕಾಯಿಯನ್ನು ಕಾಗೆಯೊಂದು ಕಚ್ಚಿಕೊಂಡು ಹೋಗಿ, ಖಾರ ತಗುಲಿ ಉಗುಳಿ, ಯಾರೂ ನೋಡಲಿಲ್ಲ ತಾನೇ ಎನ್ನುವ ಹಾಗೆ ಆ ಕಡೆ ಈ ಕಡೆ ನೋಡಿ ಗೋಡೆಗೆ ಕೊಕ್ಕು ಒರೆಸಿಕೊಂಡಿತಂತೆ. ಅವಳು ಕಾಗೆಯ ಕತ್ತಿನ ತಿರುವನ್ನೂ ಮಾಡಿ ತೋರಿಸಿರಬೇಕು, ಬಳೆ ಸದ್ದಾಯಿತು. ಆಷಾಢದಿಂದ ಎಡಗಾಲ ಹರಡು ನೋಯುತ್ತಿದೆ, ಮೆಟ್ಟಿಲು ಇಳಿಯುವಾಗ ಮಾತ್ರ. ಗಣಿಗುಂಡಿಯಲ್ಲಿ ನಿಂತ ಹಸಿರು ನೀರು ನೋಡಿದರೆ ಈಜಬೇಕು ಅನ್ನಿಸುತ್ತದೆ, ಆದರೆ ಈಜು ಬರುವುದಿಲ್ಲ. ಆರನೇ ಕ್ಲಾಸಿನಲ್ಲಿ ಅದಿರು ಲಾರಿ ಹತ್ತಿ ಶಾಲೆಗೆ ಹೋಗುತ್ತಿದ್ದಳು, ಇಳಿದು ನಕ್ಕರೆ ಹಲ್ಲೂ ಕೆಂಪು. ಆ ಲಾರಿಯ ಮುದಿ ಡ್ರೈವರು ಅವಳಿಗೆ ಎರಡು ಬೆರಳಿಟ್ಟು ಸಿಳ್ಳು ಹಾಕುವುದನ್ನು ಕಲಿಸಿದ. ಅವನಿಗೆ ಮುಂದಿನ ಹಲ್ಲಿರಲಿಲ್ಲವಾದ್ದರಿಂದ ಕಲಿಸಲು ಬರುತ್ತಿತ್ತು, ಹಾಕಲು ಬರುತ್ತಿರಲಿಲ್ಲ. "ನೋಡು, ಇನ್ನೂ ಬರುತ್ತೆ" ಎಂದು ಸಿಳ್ಳು ಹಾಕಿದಳು. ತೂಬಿನೊಳಗೆ ಅದು ರೈಲಿನ ಹಾಗೆ ಹಾದುಹೋಯಿತು.

ನಾನು ಕಾದೆ. ಅರ್ಧ ಗಂಟೆಯ ಪಾಳಿ ಮುಗಿಯುತ್ತ ಬಂದರೂ ನನ್ನ ಮೇಲೆ ಒಂದು ದೂರಿಲ್ಲ, ಒಂದು ಬೈಗುಳವಿಲ್ಲ. ಕೊನೆಗೆ ಒಂದು ಕಡೆ, "ಇಬ್ಬರಿಗೆ ಅಂತ ಎರಡು ಲೋಟ ಅಕ್ಕಿ ಹಾಕ್ದೆ, ಕೈತಪ್ಪಿ ಮೂರನೇದೂ ಬಿತ್ತು" ಎಂದಳು. ಆ ಇಬ್ಬರಲ್ಲಿ ಒಬ್ಬ ನಾನು. ಅವಳ ಮಾತಿನ ರಾಜ್ಯದಲ್ಲಿ ನನಗೆ ಸಿಕ್ಕಿದ್ದು ಒಂದು ಲೋಟ ಅಕ್ಕಿಯಷ್ಟು ಜಾಗ. ಕಾಗೆಗೆ ಹತ್ತು ನಿಮಿಷ ಸಿಕ್ಕಿತ್ತು.

ಮೂರು ದಿನಕ್ಕೆ ಬಂಡೆಯ ಸುತ್ತ ಹುಲ್ಲು ಹಳದಿಯಾಯಿತು, ಐದನೇ ದಿನಕ್ಕೆ ಒಣಗಿ ಕಡ್ಡಿಯಾಯಿತು. ಎರಡು ಚಾಪೆ ಹಾಸುವಷ್ಟು ಜಾಗ. ಗೆದ್ದಲು ಹತ್ತುವುದು, ಬೂಷ್ಟು ಹತ್ತುವುದು ಎಲ್ಲ ಊರಿಗೂ ಗೊತ್ತು. ಇದಕ್ಕೆ ನಮ್ಮೂರಲ್ಲಿ "ಕಿವಿ ಹತ್ತಿದೆ" ಅನ್ನುತ್ತಾರೆ. ಯಾರೋ ಕದ್ದು ಕೇಳಿದ್ದಾರೆ ಎಂದರ್ಥ. ಕೇಳಿದವನು ಯಾರೆಂದು ಪತ್ತೆ ಮಾಡಿ, ಅವನ ತಾಕನ್ನು ಕಿತ್ತು ಕಳೆದುಕೊಂಡವರಿಗೆ ಕೊಡಬೇಕು. ಪತ್ತೆ ಮಾಡುವುದು ಮೇಲ್ವಿಚಾರಕನ ಕೆಲಸ. ಅಂದರೆ ನಾನು ನನ್ನನ್ನು ಹಿಡಿದು, ನಮ್ಮ ತಾಕು ಕಿತ್ತು, ನಮಗೇ ಕೊಡಬೇಕು. ನಿಯಮ ಬರೆಯುವಾಗ ಈ ಸಂದರ್ಭ ಹೊಳೆದಿರಲಿಲ್ಲ.

ಪಂಪಾವತಿ ಅಳಲಿಲ್ಲ. ಒಣಗಿದ ಹುಲ್ಲನ್ನು ಹಿಡಿಯಷ್ಟು ಕಿತ್ತು ಮನೆಗೆ ತಂದು ಅಡಿಗೆಮನೆಯ ಕಿಟಕಿಯಲ್ಲಿಟ್ಟಳು. "ಯಾರಿರಬಹುದು ರೀ?" ಎಂದಳು. ಬಹಳ ದಿನದ ಮೇಲೆ ಅವಳಾಗಿ ಕೇಳಿದ ಪ್ರಶ್ನೆ. ನಾನು "ನೋಡಬೇಕು" ಎಂದೆ. ಮಾರನೇ ದಿನದಿಂದ ಅವಳು ತಾಕಿಗೆ ಹೋಗಿ ಸುಮ್ಮನೆ ಕೂತು ಬರತೊಡಗಿದಳು. ಬಾಯಿ ಬರುವುದಿಲ್ಲವಂತೆ, ಬೆನ್ನ ಹಿಂದೆ ಯಾರೋ ಇದ್ದಂತೆ ಆಗುತ್ತದಂತೆ. ತಲೆ ಬಾಚಿಕೊಳ್ಳುವುದನ್ನೂ ಬಿಟ್ಟಳು. ನನ್ನ ಎದುರಾಳಿ ಸೋತಿದ್ದ. ಗೆದ್ದದ್ದು ನಾನಂತೂ ಅಲ್ಲ.

ಊರು ಸುಮ್ಮನಿರುವುದಿಲ್ಲವಲ್ಲ. ಪಕ್ಕದ ತಾಕಿನವನು ಮಾರೆಪ್ಪ, ಹೊತ್ತಿಲ್ಲದ ಹೊತ್ತಿನಲ್ಲಿ ಗುಡ್ಡದ ಮೇಲೆ ಬೀಡಿ ಸೇದುತ್ತ ಓಡಾಡುವವನು. ಬೆರಳು ತಾನಾಗಿ ಅವನ ಕಡೆ ತಿರುಗಿತು. ಚಹದಂಗಡಿಯಲ್ಲಿ ಅವನು ಬಂದರೆ ಜನ ಲೋಟ ಹಿಡಿದು ದೂರ ಸರಿಯತೊಡಗಿದರು. ಅವನು ನೇರವಾಗಿ ನನ್ನ ಹತ್ತಿರ ಬಂದ.

"ನೀವು ಅಳೆಯೋ ಮನುಷ್ಯರು ಸಾಹೇಬ್ರೇ. ನನ್ ತಾಕಿನಿಂದ ಪಂಪಕ್ಕನ ಬಂಡೆಗೆ ಎಷ್ಟು ಹೆಜ್ಜೆ ಐತೆ, ಅಳೆದು ಎಲ್ಲರ ಮುಂದೆ ಹೇಳ್ರಿ. ಡಂಪರ್ ಓಡಿಸಿ ಓಡಿಸಿ ಒಂದು ಕಿವಿ ಹೋಗಿ ಹದಿನೈದು ವರ್ಷ ಆತು. ಇನ್ನೊಂದು ನನ್ ಹೆಂಡ್ತಿ ಕೂಗಿದ್ರಷ್ಟೇ ಕೇಳ್ತೈತೆ. ನಾನು ಕಳ್ಳನೇ ಇರಬಹುದು, ಕಿವಿಗಳ್ಳ ಹೆಂಗಾದೇನು?"

"ವಿಚಾರಣೆ ನಡೀತಾ ಇದೆ, ಮಾರೆಪ್ಪ" ಎಂದೆ. ಇಂಥ ವಾಕ್ಯಗಳು ನನಗೆ ಸಲೀಸಾಗಿ ಬರುತ್ತವೆ.

ಅಷ್ಟರಲ್ಲಿ ಒಂದು ಮಧ್ಯಾಹ್ನ ಮುಂಗಾರಿಗೆ ಮುಂಚಿನ ಮಳೆ ಬಿತ್ತು. ಹೆಚ್ಚಿಲ್ಲ, ಕಾಲು ಗಂಟೆ. ಒಣಗಿದ ಜಾಗದಲ್ಲಿ ಬೇರಿನ ಹಿಡಿತ ತಪ್ಪಿ ತೋಳು ಮುಳುಗುವಷ್ಟು ಆಳದ ಕೊರಕಲು ಬಿತ್ತು. ಕೆಂಪು ರಾಡಿ ಜಾರಿ ಹುಸೇನ್‌ಬಿಯ ಹಿತ್ತಿಲಿನಲ್ಲಿ ಒಲೆಯ ಮಟ್ಟಕ್ಕೆ ನಿಂತಿತು. ಹುಸೇನ್‌ಬಿ ಒಂಟಿ ಹೆಂಗಸು, ಎಪ್ಪತ್ತರ ಹತ್ತಿರ, ಗಣಿಯಲ್ಲಿ ಅದಿರು ಆಯುತ್ತ ಬೆನ್ನು ಬಾಗಿಸಿಕೊಂಡವಳು. ಇನ್ನು ಹತ್ತು ದಿನಕ್ಕೆ ದೊಡ್ಡ ಮಳೆ. ಆ ಹೊತ್ತಿಗೆ ಬಂಡೆಯ ಸುತ್ತ ಏನಾದರೂ ಬೇರು ಬಿಡದಿದ್ದರೆ, ಜಾರುವುದು ರಾಡಿಯಲ್ಲ, ತಾಕು. ಅವಳ ಮನೆಯ ಮೇಲೆ. ನಾನು ಮರಳು ಚೀಲ ಪೇರಿಸಿದೆ, ಬಲೆ ಬಿಗಿದೆ. ಚೀಲಗಳು ಎಷ್ಟು ತಡೆಯುತ್ತವೆ ಎಂಬುದು ಅಳೆಯುವವನಿಗೆ ಗೊತ್ತಿರುತ್ತದೆ.

ಹುಸೇನ್‌ಬಿ ಮೊರದಲ್ಲಿ ರಾಡಿ ತೋಡಿ ಹಾಕುತ್ತಿದ್ದಳು. ನಾನು ಹೋಗಿ ನಿಂತಾಗ ತಲೆ ಎತ್ತದೆ ಹೇಳಿದಳು: "ಚೀಲ ತಂದ್ಯೇನಪ್ಪಾ? ತಾ. ಚೀಲಕ್ಕೆ ಕಿವಿ ಇಲ್ಲ, ಪಾಪ."

ನಾನು ಹೊತ್ತಿದ್ದ ಚೀಲ ಇಳಿಸಿದೆ.

"ಆ ದಿನ ತೂಬಿನಿಂದ ಹಿಮ್ಮುಖ ಬಂದೆಯಲ್ಲ, ಮೊದಲು ನಿನ್ನ ಕಾಲು ಬಂತು. ಯಾವುದೋ ಉಡ ಅಂದ್ಕೊಂಡೆ. ಆಮೇಲೆ ಅಳತೆಗೋಲು ಬಂತು."

"ಯಾರಿಗೂ ಹೇಳಲಿಲ್ವಾ, ಹುಸೇನ್‌ಬಿ?"

"ಯಾಕೆ ಹೇಳ್ಲಿ? ಅಂಥ ಮಾತು ಸಿಗೋದು ವರ್ಷಕ್ಕೊಂದು. ನನ್ನ ತಾಕಿಗೆ ಹೇಳಿದೀನಿ. ಹೋಗಿ ನೋಡು, ಹುಲ್ಲು ಸೊಂಟಕ್ಕೆ ಬಂದೈತೆ." ಮೊರ ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಲು ನೋಡಿ, ಆಗದೆ, ಹಾಗೇ ಬಾಗಿ ನನ್ನನ್ನು ನೋಡಿದಳು. "ಕಿವಿ ಇಟ್ಟೋನು ಬಾಯಿ ಬಿಡಬೇಕಪ್ಪಾ. ಅದೇ ಜಾಗದಾಗೆ ಕೂತು, ಕಳಕೊಂಡೋರ ಎದುರಿಗೇ. ಅವರು ಕೇಳಿದ್ರೆ ಬಾಧೆ ಇಲ್ಲ, ಅವರದ್ದೇ ತಾಕು. ಆದ್ರೆ ನಿನ್ನ ಪುಸ್ತಕ ತರಬೇಡ ಮತ್ತೆ. ನನ್ನ ಮನೆ ಕೆಳಗೈತೆ."

ಅದೇ ದಿನ ಸಂಜೆ ಬೀಳುವ ಮೊದಲು ಪಂಪಾವತಿಗೆ ಹೇಳಿದೆ. "ಕೇಳಿದವನು ಯಾರು ಅಂತ ಗೊತ್ತಾಗಿದೆ. ತಾಕಿಗೆ ಬಾ, ಅಲ್ಲೇ ಸಿಗ್ತಾನೆ." ಅವಳು ಒಗೆಯುತ್ತಿದ್ದ ಬಟ್ಟೆ ಬಿಟ್ಟು, ಕೈ ಒರೆಸಿಕೊಂಡು ಬಂದಳು. ಹಗ್ಗ ದಾಟಿದೆವು. ಹಗ್ಗದೊಳಗೆ ಇಬ್ಬರ ಕಾಲು ಬಿದ್ದದ್ದು ನಮ್ಮೂರಲ್ಲಿ ಅಪರೂಪ. ನಾನು ಹೋಗಿ ಕೊರಕಲಿನ ಅಂಚಿನಲ್ಲಿ ಕೂತೆ. ಅವಳು ಸುತ್ತ ನೋಡಿದಳು, ಯಾರೂ ಇರಲಿಲ್ಲ. ಆಮೇಲೆ ನನ್ನನ್ನು ನೋಡಿದಳು. ಮುಖ ಗಟ್ಟಿಯಾಯಿತು. ಬಂಡೆಯ ಮೇಲೆ ಕೂತಳು.

ಆ ಮಣ್ಣನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. "ನೋಡಪ್ಪಾ" ಎಂದು ಶುರುಮಾಡಿದೆ. "ನಿನ್ನ ಕಂಡರೆ ನನಗೆ ಆಗಲ್ಲ. ನೀನಿಲ್ಲಿ ಬಂದು ಬೀಳೋದಕ್ಕೆ ಎಷ್ಟೋ ವರ್ಷ ಮುಂಚೆ ಇವಳನ್ನ ಮದುವೆಯಾದವನು ನಾನು. ನಿನ್ನನ್ನ ಲಾರಿಯಲ್ಲಿ ತಂದು ಸುರಿದ್ರು, ನಾನು ಎರಡು ಕಡೆ ಬಸ್ಸು ಬದಲಾಯಿಸಿ, ವಾಂತಿ ಮಾಡಿಕೊಂಡು, ಇವಳ ಊರಿಗೆ ಹೋಗಿ ಕೇಳಿ ಕರಕೊಂಡು ಬಂದೆ. ಇವಳಿಗೆ ಸಿಳ್ಳು ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ, ನಿನಗೆ ಗೊತ್ತಿತ್ತು. ಕಾಲು ನೋಯೋದು ನಿನಗೆ ಗೊತ್ತಿತ್ತು. ನಾನು ತೂಬಿನಲ್ಲಿ ಕೂತಿದ್ದು ನನ್ನನ್ನ ಬೈತಾಳೆ ಅಂತ. ಬೈದಿದ್ರೆ ವಾಪಸ್ ಹೋಗಿ ಮಲಗಿಬಿಡ್ತಿದ್ದೆ. ಬೈಲಿಲ್ಲ." ಹೇಳಬೇಕಾದ ಮಾತು ಇನ್ನೂ ಎರಡು ಉಳಿದಿದ್ದವು, ಅವನ್ನೇ ನುಂಗಿಬಿಡೋಣ ಅನ್ನಿಸಿತು. ಕೆಳಗೆ ಹುಸೇನ್‌ಬಿಯ ಮನೆಯ ಹೆಂಚು ಕಾಣುತ್ತಿತ್ತು. "ನೀನು ಒಣಗಿದ ದಿನ ಅಳೆಯೋಕೆ ಬಂದಾಗ, ಮೊದಲು ನನಗೆ ಖುಷಿಯಾಯ್ತು. ಒಂದು ಗಳಿಗೆ. ಆದ್ರೂ ಆಯ್ತು. ಇನ್ನೊಂದು, ಮೊದಲಿನಿಂದ್ಲೂ ನಿನ್ನ ಹುಲ್ಲನ್ನ ಪ್ರತಿ ಸಲ ಎರಡು ಬೆರಳು ಕಡಿಮೆ ಬರೆದಿದೀನಿ."

ಪಂಪಾವತಿ ಕಾಲ ಹೆಬ್ಬೆರಳಿನಿಂದ ನೆಲ ಕೆದಕುತ್ತಿದ್ದಳು.

"ಎರಡು ಬೆರಳಾ?" ಎಂದಳು ಕೊನೆಗೆ.

"ಹೂಂ."

"ಪ್ರತಿ ಸಲಾನಾ?"

"ಹೂಂ."

"ಅಂದ್ರೆ ಹೋದ ವರ್ಷ ನಂದು ಎರಡನೇ ತಾಕು ಅಂತ ಓದಿದ್ರಲ್ಲ ಎಲ್ಲರ ಮುಂದೆ, ಅದು…" ಅವಳು ಎದ್ದು ನಿಂತಳು. ತೂಬು, ಸಿಳ್ಳು, ಕದ್ದ ಕಿವಿ ಎಲ್ಲ ಒಂದು ಕಡೆ, ಈ ಎರಡು ಬೆರಳು ಒಂದು ಕಡೆ. "ಹುಲ್ಲಿನ ಮೇಲೆ ಹೊಟ್ಟೆಕಿಚ್ಚೇನ್ರೀ? ಹುಲ್ಲಿನ ಮೇಲೆ? ನೀವು ದಿನಾ ಮನೆಗೆ ಬಂದು ನನ್ನ ಏನು ಕೇಳ್ತಿದ್ರಿ ನೆನಪಿದೆಯಾ? 'ಅಡಿಗೆ ಆಯ್ತಾ.' ಅದಕ್ಕೆ ಕಾಗೆ ಕಥೆ ಹೇಳ್ಲಾ?" ಎಂದು ದಡದಡ ಇಳಿದು ಹೋದಳು. ಮೂರನೇ ಮೆಟ್ಟಿಲಲ್ಲಿ ಎಡಗಾಲು ಹಿಡಿದುಕೊಂಡು ನಿಂತಳು. ಕೈ ಕೊಡಲು ಓಡಿದೆ. ಕೊಟ್ಟ ಕೈ ಹಿಡಿದು ಇಳಿದಳು, ನೆಲ ಸಿಕ್ಕ ಕೂಡಲೇ ಬಿಟ್ಟಳು.

ಮರುದಿನ ಚಹದಂಗಡಿಯ ಮುಂದೆ ನಿಂತು ಮಾರೆಪ್ಪನ ಸರಿಯಾದ ಕಿವಿಗೆ, ಎಲ್ಲರಿಗೂ ಕೇಳುವ ಹಾಗೆ, ತೂಬಿಗೆ ಇಳಿದು ಕದ್ದು ಕೇಳಿದವನು ನಾನೇ ಎಂದು ಕೂಗಿ ಹೇಳಿದೆ. ಅವನು ಬೀಡಿ ಆರಿಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಹೆಂಡ್ತಿ ಮಾತು ಕೇಳಿಸ್ಕೊಳ್ಳೋಕೆ ತೂಬಿಗೆ ಇಳಿದ್ರಾ? ನಮ್ಮೋಳ ಮಾತು ತಪ್ಪಿಸ್ಕೊಳ್ಳೋಕೆ ನಾನು ತೂಬು ಹುಡುಕ್ತಾ ಇದೀನಿ" ಎಂದ. ಜನ ನಕ್ಕರು. ಚಹದಂಗಡಿಯವನು ಆ ಗದ್ದಲ ನೋಡಿ ಒಳಗಿನಿಂದ ಒಂದು ಬೆಂಚು ತಂದು ಹಾಕಿದ. ಹಳೆಯ ಅಳತೆ ತಿದ್ದಿ, ಹೋದ ವರ್ಷದ ಮೊದಲನೇ ತಾಕು ಯಾರದೆಂದು ಗುಡ್ಡದ ಹಲಗೆಯ ಮೇಲೆ ಬರೆದೆ. ಪಂಪಾವತಿ ದಾರಿಯಲ್ಲಿ ನಿಂತು ಅದನ್ನು ಎರಡು ಸಲ ಓದಿದಳು. ನನ್ನನ್ನು ನೋಡಲಿಲ್ಲ.

ಎಂಟನೇ ದಿನ ಕೊರಕಲಿನ ಅಂಚಿನಲ್ಲಿ ಹಸಿರು ಕಂಡಿತು. ಗರಿಕೆಯಲ್ಲ, ಕರಡವಲ್ಲ. ನೆಗ್ಗಿಲು ಮುಳ್ಳು. ನೆಲಕ್ಕೆ ಕಚ್ಚಿಕೊಂಡು ನಾಲ್ಕೂ ಕಡೆ ಹಬ್ಬಿತ್ತು, ಕೈಯಿಟ್ಟರೆ ಚುಚ್ಚುತ್ತಿತ್ತು. ನನ್ನ ಮಾತಿಗೆ ಬೇರೇನು ಹುಟ್ಟೀತು. ದೊಡ್ಡ ಮಳೆ ಎರಡು ಹಗಲು ಎರಡು ರಾತ್ರಿ ಹೊಡೆಯಿತು. ಹುಸೇನ್‌ಬಿಯ ಹಿತ್ತಿಲಿಗೆ ತಿಳಿನೀರು ಬಂತು, ಮಣ್ಣು ಬರಲಿಲ್ಲ. "ಚುಚ್ಚಿದ್ರೂ ಹಿಡಿದೈತೆ" ಎಂದಳು ಹುಸೇನ್‌ಬಿ. ಮುಳ್ಳಿಗೆ ಹೇಳಿದಳೋ ನನಗೋ ಗೊತ್ತಾಗಲಿಲ್ಲ.

ಮಳೆ ಹೊಳವಾದ ಬೆಳಿಗ್ಗೆ ಪಂಪಾವತಿ ತಲೆ ಬಾಚಿಕೊಂಡಳು. ಸೈರನ್ನು ಕೂಗಿತು. ನಾನು ಹಗ್ಗದಾಚೆ, ನಲವತ್ತೂ ಆಗಿ ಇನ್ನೂ ಮೂರು ಹೆಜ್ಜೆ ಹಿಂದೆ, ಎರಡೂ ಕೈ ಎಲ್ಲರಿಗೂ ಕಾಣುವ ಹಾಗೆ ಅಳತೆಗೋಲು ಹಿಡಿದು ನಿಂತೆ. ಅವಳು ಬಂಡೆಯ ಮೇಲೆ ಕೂತಳು. ಆಮೇಲೆ ಕೈ ಆಡತೊಡಗಿತು. ಏನೋ ಹೇಳಿದಳು, ತಾನೇ ನಕ್ಕಳು, ಎರಡು ಬೆರಳೆತ್ತಿ ಮಣ್ಣಿಗೆ ತೋರಿಸಿದಳು. ಮತ್ತೆ ನಕ್ಕಳು. ಆಮೇಲೆ ತಿರುಗಿ ನೇರವಾಗಿ ನನ್ನನ್ನು ನೋಡಿದಳು. ಮೊದಲಿಗಿಂತ ತಗ್ಗಿದ ದನಿಯಲ್ಲಿರಬೇಕು, ಮಣ್ಣಿನ ಕಡೆ ಬಗ್ಗಿ ಬಹಳ ಹೊತ್ತು ಏನನ್ನೋ ಹೇಳುತ್ತಲೇ ಇದ್ದಳು.

ಈಗ ಆ ಮಾತಿನಲ್ಲಿ ನಾನಿದ್ದೇನೆ. ಒಂದು ಲೋಟ ಅಕ್ಕಿಗಿಂತ ಹೆಚ್ಚಾಗಿಯೇ ಇದ್ದೇನೆ. ಹುಲ್ಲು ಈ ವರ್ಷ ಹೋದ ವರ್ಷಕ್ಕಿಂತ ಆರು ಬೆರಳು ಮೇಲಿದೆ, ಸರಿಯಾಗಿ ಅಳೆದು ಬರೆದಿದ್ದೇನೆ. ಏನು ಹೇಳಿದಳು ಎಂದು ಮನೆಯಲ್ಲಿ ದಿನಾ ಕೇಳುತ್ತೇನೆ. "ಏನಿಲ್ಲ" ಎನ್ನುತ್ತಾಳೆ.